ನಾನಿಲ್ಲದಾಗ ಬಂದ ಲೇಬಲ್ಲುಗಳು

ಸುಶೀಲಕ್ಕನಿಗೆ, ನಿಮ್ಮ ಗೌರಿ ಬರೆಯುವುದು.

ನಮ್ಮ ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ ಸೌತೆ ಆರಿಸುವ ಬೆಲ್ಟಿನಿಂದ ನನ್ನನ್ನು ಎಬ್ಬಿಸಿ ತಂದು ಲೇಬಲ್ ರೂಮಿನ ಕಂಪ್ಯೂಟರ್ ಮುಂದೆ ಕೂರಿಸಿದಿರಲ್ಲ, ಆ ದಿನ ನಾನು ಕೀಲಿಮಣೆ ಮುಟ್ಟದೆ ಕೈ ಮಡಿಲಲ್ಲೇ ಇಟ್ಟುಕೊಂಡಿದ್ದು ನೋಡಿದಿರಾ? ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು. ಪರದೆಯಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ; ಕಪ್ಪು ಪರದೆಗೆ ಟೈಪ್ ಮಾಡಿಯೇ ಎಲ್ಲ ಹೇಳಬೇಕು. ಏನಾದರೂ ಅಳಿಸಿಹೋದರೆ...

ಫ್ರಾನ್ಸಿಗೆ ಮಿಡಿಸೌತೆ ಡ್ರಮ್ಮು ಕಳಿಸಲು ಶುರುಮಾಡಿದಾಗ ನನ್ನ ಭಯ ನಿಜವೇ ಆಯಿತು. ಕೊಳ್ಳುವವರ ಹೆಸರಿನಲ್ಲಿ ಒಂದು ಅಕ್ಷರದ ತಲೆಮೇಲೆ ಓರೆ ಗೀಟು. ನಾನು ಕೂತು ಪ್ರಿಂಟ್ ಕೊಟ್ಟರೆ ನೆಟ್ಟಗೆ ಬರುತ್ತಿತ್ತು. ಬೆಳಗಿನ ಜಾವ ಕಂಪ್ಯೂಟರ್ ತಾನಾಗಿ ಪ್ರಿಂಟ್ ಮಾಡಿದರೆ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ. ನಾವಿಬ್ಬರೂ ಬಾಲ್‌ಪೆನ್ನಿನಲ್ಲಿ ತಿದ್ದಿದೆವು, ನೆನಪಿದೆಯಾ? ಪ್ಲಾಸ್ಟಿಕ್ ಲೇಬಲ್ಲಿಗೆ ಶಾಯಿ ಹಿಡಿಯಲೇ ಇಲ್ಲ. ಇನ್ನೊಮ್ಮೆ ಹೀಗಾದರೆ ಮಾಲು ಬೇಡವೆಂದರು ಫ್ರಾನ್ಸಿನವರು. ನನ್ನನ್ನು ವಾಪಸ್ಸು ಬೆಲ್ಟಿಗೆ ಹಾಕುತ್ತೇನೆಂದರು ಮ್ಯಾನೇಜರು.

ಆಮೇಲೆ ನಮ್ಮೂರು ಹಳ್ಳಿಮೈಸೂರಿನಿಂದ ಮೊದಲ ಬಸ್ಸಿಗೇ ಬಂದು, ತಾನಾಗಿ ಆಗುವ ಪ್ರಿಂಟನ್ನು ನಿಲ್ಲಿಸಿ, ಎಲ್ಲ ಲೇಬಲ್ಲೂ ನಾನೇ ತೆಗೆಯತೊಡಗಿದೆ. ರಜೆಯಿಲ್ಲ, ಜ್ವರ ಬಂದರೂ ಇಲ್ಲ. ನೀವು ನಗುತ್ತಿದ್ದಿರಿ. "ನೀ ಕಾವಲು ಕುಂತ್ರೆ ಅಕ್ಸರ ಎದ್ರಿಕಂಡು ನೆಟ್ಗೆ ಬತ್ತವೇನೇ? ಒಂದಿನ ಮನೇಲಿರು ಕಣೇ." ಇರಲು ನನ್ನಿಂದ ಆಗಲಿಲ್ಲ. ನೀವು ಆಸ್ಪತ್ರೆಯಲ್ಲಿದ್ದಾಗಲೂ, ನಿಂತ ಕಾಲಲ್ಲೇ ನೋಡಿಕೊಂಡು ಓಡಿಬಂದೆ.

ಈಗ ಕೇಳಿ. ಹೋದ ತಿಂಗಳು ಪ್ರಿಂಟರ್ ರಿಪೇರಿಗೆ ಹಾಸನದಿಂದ ಬಂದವರ ಹತ್ತಿರ ಅಳುಕುತ್ತಲೇ ಹೇಳಿಕೊಂಡೆ. ನಾನು ಕೂತಾಗ ಒಂದು, ತಾನಾಗಿ ನಡೆದಾಗ ಒಂದು, ಎರಡು ಹೊತ್ತಿನ ಸೆಟ್ಟಿಂಗನ್ನೂ ಕಾಗದದ ಮೇಲೆ ತೆಗೆಸಿದರು. ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದರಲ್ಲಿ ಯಾವ ಭಾಷೆ, ಯಾವ ಅಕ್ಷರ ಅನ್ನುವುದು ಬರೆದಿತ್ತು. ಲೊಕೇಲ್ ಅನ್ನುತ್ತಾರಂತೆ ಅದಕ್ಕೆ. ಇನ್ನೊಂದರಲ್ಲಿ ಆ ಜಾಗ ಖಾಲಿ. ನಾನು ನನ್ನ ಹೆಸರು ಹೊಡೆದು ಕಂಪ್ಯೂಟರಿನ ಒಳಗೆ ಹೋದಾಗ ಮಾತ್ರ ಅದು ತುಂಬಿಕೊಳ್ಳುತ್ತಿತ್ತು. ತಾನಾಗಿ ಎದ್ದಾಗ ಯಾರೂ ಹೇಳುವವರಿಲ್ಲ. ಗೀಟಿನ ಅಕ್ಷರ ಅದಕ್ಕೆ ಗೊತ್ತೇ ಇಲ್ಲ. ಪ್ರಿಂಟಿನ ಆದೇಶಗಳ ಮೇಲ್ಗಡೆ ಲೊಕೇಲ್ ಹೇಳುವ ಆ ಒಂದು ಸಾಲನ್ನು ನನ್ನ ಕೈಯಿಂದಲೇ ಬರೆಸಿದರು. ನನ್ನ ತಪ್ಪೂ ಅಲ್ಲ, ನನ್ನ ಕಾವಲಿನ ಮಹಿಮೆಯೂ ಅಲ್ಲ. ಇಷ್ಟೇನಾ ಅಂತ ನಗು ಬಂತು, ನಿಮಗೆ ಹೇಳೋಣವೆಂದು ತಿರುಗಿದೆ, ನೀವು ಆಸ್ಪತ್ರೆಯಿಂದ ವಾಪಸ್ಸು ಬರಲೇ ಇಲ್ಲವೆಂಬುದನ್ನು ಮರೆತು...

ಮಾರನೆಯ ವಾರ ಅರಕಲಗೂಡಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ತಾನಾಗಿ ಆಗುವ ಪ್ರಿಂಟನ್ನು ಮತ್ತೆ ಶುರುಮಾಡಿಟ್ಟು, ರಜಾ ಹಾಕಿ ಹೋದೆ ಅಕ್ಕ. ಬೆಳಿಗ್ಗೆ ಛತ್ರದ ಎದುರಿನ ಬೂತಿನಿಂದ ಫೋನ್ ಮಾಡಿದೆ. ಪ್ಯಾಕಿಂಗಿನ ಲಕ್ಷ್ಮಿ ಎತ್ತಿದಳು. "ಎಲ್ಲಾ ನೆಟ್ಗೆ ಬಂದವೆ ಕಣಕ್ಕ, ಡ್ರಮ್ಗೆ ಅಂಟಿಸ್ತಾವ್ನಿ. ನೀ ಉಣ್ಣೋಗು."

ಒಂದೇ ಸಲ ಫೋನ್ ಮಾಡಿದ್ದು, ನಿಮ್ಮಾಣೆ. ಆಮೇಲೆ ಎಲೆ ಮುಂದೆ ಕೂತು ಹೋಳಿಗೆಯನ್ನು ಎರಡನೇ ಸಲವೂ ಹಾಕಿಸಿಕೊಂಡೆ.