ಎಂಜಿನ್ ಆರಿಸುವ ಮುಂಚಿನ ಎರಡು ನಿಮಿಷ

ನನ್ನ ತಕ್ಕಡಿ ತಮ್ಮನಿಗೆ,

ದಿನಾ ಸಂಜೆ ನನ್ನ ಕಾರು ಬಂದು ನಿನ್ನ ಕಿಟಕಿಯ ಹೊರಗೆ ನಿಲ್ಲುತ್ತದೆ. ನಾನು ಮಾತ್ರ ಕೂಡಲೇ ಇಳಿಯುವುದಿಲ್ಲ. ಎಂಜಿನ್ ಓಡುತ್ತಲೇ ಇರುತ್ತದೆ, ನಾನು ಸ್ಟಿಯರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತಾ ಕೂತಿರುತ್ತೇನೆ. ಮಂಚದಲ್ಲಿ ಮಲಗಿದ ನಿನಗೆ ಅದೆಲ್ಲ ಕೇಳಿಸುತ್ತದೆಂದು ಗೊತ್ತು, ನಿನ್ನ ಕಿವಿಗೆ ಏನೂ ಆಗಿಲ್ಲ. ನಿನ್ನನ್ನು ನೋಡಿಕೊಳ್ಳುವ ದಾದಿ ಮೊನ್ನೆ ಕೇಳಿಯೇಬಿಟ್ಟಳು, "ಗಾಡಿ ಏನಾದ್ರೂ ಕೆಟ್ಟಿದ್ಯಾ ಮೇಡಂ?" ಗಾಡಿ ಚೆನ್ನಾಗಿದೆ ಎಂದೆ. ಹಾಗಾದರೆ ಕೆಟ್ಟಿರುವುದು ಇವರ ತಲೆಯೇ ಇರಬೇಕು ಎಂಬಂತೆ ನೋಡಿದಳು. ಅವಳಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ.

ನಮ್ಮ ಮೊದಲ ಕಾರು ನೆನಪಿದೆಯೇ? ನಾವಿಬ್ಬರೂ ದುಡಿಯುತ್ತಿದ್ದ ಕಾರ್ಖಾನೆಯದೇ ಎಂಜಿನ್, ಮೂರು ಸಿಲಿಂಡರಿನದು, ಟರ್ಬೊ ಕೂಡಿಸಿದ ಮೊದಲ ತಲೆಮಾರು. ಎಂಜಿನ್ ಹೊರಬಿಡುವ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದರಿಂದ ಎಂಜಿನ್ನಿಗೆ ಗಾಳಿ ತುರುಕಿ, ಸಣ್ಣ ಎಂಜಿನ್ನಿನಿಂದ ದೊಡ್ಡದರ ಕೆಲಸ ತೆಗೆಯುವ ಉಪಾಯ. ಹೇಳಿಕೊಳ್ಳಲು ಚೆಂದ, ಓಡಿಸಲು ದೇವರೇ ಗತಿ. ಪೆಡಲ್ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ನೀನು ಪಕ್ಕದಲ್ಲಿ ಕೂತು "ಒಂದು, ಎರಡು" ಎಂದು ಎಣಿಸುತ್ತಿದ್ದೆ. ಮೂರಕ್ಕೆ ಹಿಂದಿನಿಂದ ಯಾರೋ ಒದ್ದ ಹಾಗೆ ಕಾರು ಮುಂದಕ್ಕೆ ಹಾರುತ್ತಿತ್ತು. "ಕರೆದಾಗ ಬರಲ್ಲ, ಬಂದ್ರೆ ಬಿಡಲ್ಲ, ನಮ್ಮ ಚಿಕ್ಕಪ್ಪನ ಹಾಗೆ" ಎಂದು ನೀನು ಅಂದದ್ದಕ್ಕೆ ನಾನು ನಕ್ಕೂ ನಕ್ಕೂ ಗಾಡಿಯನ್ನು ಚರಂಡಿಗೆ ಇಳಿಸುವುದೊಂದು ಬಾಕಿ.

ಆ ಎಂಜಿನ್ನಿಗೆ ಇನ್ನೊಂದು ರೋಗವಿತ್ತು. ಟರ್ಬೊ ಕೆಂಡದಂತೆ ಕಾದಿರುತ್ತಿತ್ತು, ಅದನ್ನು ತಣಿಸಲು ಎಂಜಿನ್ ಆಯಿಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಮನೆ ತಲುಪಿದ ಕೂಡಲೇ ಕೀಲಿ ತಿರುಗಿಸಿದರೆ ಆಯಿಲ್ ಹರಿವು ನಿಂತು, ಒಳಗೆ ಉಳಿದದ್ದು ಸೀದು ಕರಿಕಾಗಿ, ಚಕ್ರದ ಅಚ್ಚನ್ನೇ ತಿಂದುಹಾಕುತ್ತಿತ್ತು. ಅದಕ್ಕೇ ನಮ್ಮ ಫೋರ್‌ಮನ್ ಎಲ್ಲರಿಗೂ ಹೇಳಿಟ್ಟಿದ್ದರು: ಆರಿಸುವ ಮೊದಲು ಎರಡು ನಿಮಿಷ ಸುಮ್ಮನೆ ಓಡಲು ಬಿಡಿ. ನಾವು ಬಿಟ್ಟೆವು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಮುಂದಿನ ಗಾಜಿನ ಕಡೆ ಮುಖ ಮಾಡಿ, ದಿನಾ ಎರಡು ನಿಮಿಷ.

ನೀನು ಮಾತಾಡುತ್ತಿದ್ದುದು ಆಗ ಮಾತ್ರ. ಉಳಿದಂತೆ ನೀನು ಅಳೆದು ತೂಗಿ ಒಂದು ಮಾತು ಆಡುವವನು. ಟರ್ಬೊ ಚಕ್ರಗಳ ತೂಕ ಸರಿದೂಗಿಸುವುದೇ ಕೆಲಸವಾದ್ದರಿಂದ ಇಡೀ ಕಾರ್ಖಾನೆ ನಿನ್ನನ್ನು ತಕ್ಕಡಿ ಎಂದು ಕರೆಯಿತು. ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುವ ಚಕ್ರ, ಒಂದು ಪಕ್ಕ ಕೂದಲೆಳೆಯಷ್ಟು ಭಾರವಾದರೂ ಚೂರುಚೂರು. ಯಂತ್ರ ಎಲ್ಲಿ ಭಾರ ಎಂದು ತೋರಿಸುತ್ತಿತ್ತು, ಎಷ್ಟು ಉಜ್ಜಬೇಕು ಎನ್ನುವುದು ನಿನ್ನ ಬೆರಳಿಗೆ ಗೊತ್ತಿತ್ತು. ನಾನೋ ಎಂಜಿನ್ನುಗಳನ್ನು ಪರೀಕ್ಷೆಯ ಬೆಂಚಿಗೆ ಬಿಗಿದು ಓಡಿಸಿ ಸಾಯಿಸಿ ನೋಡುವವಳು. ನನ್ನ ಹೆಸರು ಬೆಂಚಕ್ಕ, ನನ್ನ ಬಾಯಿಯೂ ಎಂಜಿನ್ನಿನಂತೆ ನಿಲ್ಲುತ್ತಿರಲಿಲ್ಲ. ಆ ಎರಡು ನಿಮಿಷ ಮಾತ್ರ ನಾನು ಸುಮ್ಮನಿರುತ್ತಿದ್ದೆ. ನೀನು ಮೆಚ್ಚಿದ್ದ ಸ್ಟೋರಿನ ಹುಡುಗಿ ಬೇರೆಯವನನ್ನು ಒಪ್ಪಿಕೊಂಡದ್ದನ್ನು ನೀನು ಹೇಳಿದ್ದು ಅಲ್ಲಿ. ಇನ್ನು ಮದುವೆಯ ಮಾತೆತ್ತಬೇಡ ಎಂದದ್ದೂ ಅಲ್ಲೇ. ಅಮ್ಮ ಹೋದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಗಾಜಿನ ಮೇಲಿನ ಧೂಳು ನೋಡುತ್ತಾ, "ಅಕ್ಕ, ನಂಗೆ ಅಳು ಬರ್ತಾನೇ ಇಲ್ಲ" ಎಂದೆ. ಎಂಜಿನ್ ತಣ್ಣಗಾಯಿತು, ಇಳಿದೆವು, ಮೆಟ್ಟಿಲ ಬಳಿ ನೀನು ಅತ್ತೆ.

ಎರಡನೆಯ ತಲೆಮಾರಿನ ಎಂಜಿನ್ನಿನಲ್ಲಿ ಟರ್ಬೊದ ಸುತ್ತ ನೀರು ಹರಿಯುವ ದಾರಿ ಮಾಡಿದರು. ಚಕ್ರ ಚಿಕ್ಕದಾಯಿತು, ಹಗುರಾಯಿತು. ನೀನು "ಒಂದು" ಎನ್ನುವಷ್ಟರಲ್ಲಿ ಗಾಡಿ ಹೊರಟುಬಿಡುತ್ತಿತ್ತು. ಇದಕ್ಕೆ ಅರ್ಧ ನಿಮಿಷ ಸಾಕು ಎಂದು ನಾನೇ ವರದಿ ಬರೆದಿದ್ದೆ. ಆದರೂ ನಾವು ಎರಡು ನಿಮಿಷವೇ ಕೂರುತ್ತಿದ್ದೆವು.

ಆಮೇಲೆ ಮೂರನೆಯದು ಬಂತು. ಅದು ನನ್ನ ಮಗು. ಮೂರು ವರ್ಷ ಬೆಂಚಿನ ಮೇಲೆ ಅದನ್ನು ಹಿಂಸಿಸಿದ್ದೇನೆ. ಟರ್ಬೊ ಕೆಂಪಾಗುವವರೆಗೆ ಓಡಿಸಿ ಗಕ್ಕನೆ ಆರಿಸುವುದು, ಮತ್ತೆ ಓಡಿಸಿ ಮತ್ತೆ ಆರಿಸುವುದು, ಹೀಗೆ ಸಾವಿರಾರು ಸಲ. ಕೊನೆಗೆ ಬಿಚ್ಚಿ ನೋಡಿದರೆ ಅಚ್ಚು ತೊಳೆದಿಟ್ಟ ಚಮಚದಂತೆ ಹೊಳೆಯುತ್ತಿತ್ತು. ಎಂಜಿನ್ ನಿಂತ ಮೇಲೂ ಒಂದು ಸಣ್ಣ ಕರೆಂಟಿನ ಪಂಪು ಓಡುತ್ತಾ ಟರ್ಬೊಗೆ ನೀರು ಹಾಯಿಸುತ್ತಿತ್ತು, ಅದೇ ಗುಟ್ಟು. ಇನ್ನು ಯಾರೂ ಕಾಯಬೇಕಾಗಿಲ್ಲ ಎಂದು ಬರೆದು ಸಹಿ ಹಾಕಿದೆ. ಅಷ್ಟು ಹೆಮ್ಮೆಯಿಂದ ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ.

ಹೊಸ ಕಾರನ್ನು ಮನೆಗೆ ತಂದ ಸಂಜೆ ನೀನು ಪಕ್ಕದಲ್ಲಿದ್ದೆ. ದಾರಿಯುದ್ದಕ್ಕೂ ನನ್ನದೇ ಬಡಾಯಿ. ಮನೆ ಮುಂದೆ ನಿಲ್ಲಿಸಿದಾಗ ನೀನು ಗಾಜಿನ ಕಡೆ ನೋಡುತ್ತಾ, "ಅಕ್ಕ, ಎರಡು ನಿಮಿಷ" ಎಂದೆ.

"ಇದಕ್ಕೆ ಬೇಡ ಕಣೋ" ಎಂದು ನಾನು ಗುಂಡಿ ಒತ್ತಿ ಎಂಜಿನ್ ಆರಿಸಿದೆ. "ಈಗ ಕೇಳು."

ಪಂಪಿನ ಸಣ್ಣ ಗುಂಯ್ ಸದ್ದು. ನೀನು ತಲೆ ಬಗ್ಗಿಸಿ ಕೇಳಿದೆ. ಸ್ವಲ್ಪ ಹೊತ್ತಾದ ಮೇಲೆ, "ಚೆನ್ನಾಗಿದೆ ಕಣಕ್ಕ" ಎಂದೆ. ಆಮೇಲೆ ಬಲ ಸೊಂಟದ ಬಳಿಯಿದ್ದ ಬೆಲ್ಟಿನ ಗುಂಡಿಯನ್ನು ಬಿಡಿಸಲು ಎಡಗೈಯನ್ನು ಮೈಮೇಲಿಂದ ಅಡ್ಡ ಚಾಚಿದೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ನಾನು ನೋಡಿದೆ. ಹತ್ತು ಸಾವಿರ ಎಂಜಿನ್ನುಗಳಲ್ಲಿ ಒಂದು ಅಪಸ್ವರ ಬಂದರೆ ಗೋಡೆಯಾಚೆಯಿಂದ ಹಿಡಿಯುವವಳು ನಾನು. ಒಡಹುಟ್ಟಿದವನ ಕೈಯನ್ನು ಕಣ್ಣಾರೆ ಕಂಡೂ ನನಗೆ ಏನೂ ಅನ್ನಿಸಲಿಲ್ಲ. ಬಾಗಿಲು ತೆಗೆದು ಇಳಿದುಬಿಟ್ಟೆ.

ಅಂದಿನಿಂದ ದಿನಾ ಹಾಗೆಯೇ. ನಿಲ್ಲಿಸು, ಆರಿಸು, ಇಳಿ. ಕಾಯುವ ಕೆಲಸ ಪಂಪಿನದಾಯಿತು. ಎಂಟು ತಿಂಗಳು ನಾನು ಮಾತಾಡುತ್ತಲೇ ಮೆಟ್ಟಿಲು ಹತ್ತಿದೆ, ನೀನು ಹಿಂದಿನಿಂದ ಬಂದೆ. ಕೊನೆಗೆ ಹೇಳಿದವನು ನಿನ್ನ ಪಕ್ಕದ ಮೇಜಿನವನು. ತಕ್ಕಡಿಯ ಬಲ ಹೆಬ್ಬೆರಳು ಮಾತು ಕೇಳುತ್ತಿಲ್ಲ, ಎಂಟು ಹತ್ತು ತಿಂಗಳಿಂದ ಎಡಗೈಯಲ್ಲೇ ಉಜ್ಜುತ್ತಿದ್ದಾನೆ, ಮನೆಯಲ್ಲಿ ಗೊತ್ತಿಲ್ಲವೇ ಎಂದ. ಅಷ್ಟು ಹೊತ್ತಿಗೆ ನಿನ್ನ ನಾಲಿಗೆಯೂ ತೊದಲಲು ಶುರುವಾಗಿತ್ತು. ನಿದ್ದೆ ಸಾಲದು ಎಂದು ನಾನು ಬೈದಿದ್ದೆ.

ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಮದ್ದಿಲ್ಲ ಎಂದರು ಡಾಕ್ಟರು. ಮೊದಲೇ ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದೂ ಹೇಳಿದರು. ಸಿಕ್ಕವರೆಲ್ಲ ಅದನ್ನೇ ಹಿಡಿದು ನನ್ನನ್ನು ಸಮಾಧಾನ ಮಾಡುತ್ತಾರೆ. ಕಾಯಿಲೆ ನನ್ನಿಂದ ಬಂದದ್ದಲ್ಲ ಎನ್ನುವಷ್ಟು ಬುದ್ಧಿ ನನಗೂ ಇದೆ. ನನ್ನನ್ನು ತಿನ್ನುತ್ತಿರುವುದು ಆ ಎಂಟು ತಿಂಗಳು. ನಿನಗೆ ಬಾಯಿಯಿತ್ತು, ನನಗೆ ಕಿವಿಯಿತ್ತು, ಮಧ್ಯೆ ಒಂದು ಗೇರ್ ಲಿವರಿನಷ್ಟು ಜಾಗ. ಆದರೂ ಅಷ್ಟು ದಿನ ನೀನೊಬ್ಬನೇ ಹೆದರಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಮ್ಮ ನನ್ನನ್ನೇ ನೋಡಿ ಹೇಳುತ್ತಿದ್ದಳು. ಅವಳ ಮಾತನ್ನು ನಾನು ಸುಳ್ಳು ಮಾಡಲಿಲ್ಲ.

ಇನ್ನೊಂದು ಸುದ್ದಿ, ನಿನಗೆ ನಗು ಬರಬಹುದು. ಬರುವ ವರ್ಷ ನನ್ನ ಬೆಂಚನ್ನು ಕಿತ್ತುಹಾಕುತ್ತಾರಂತೆ. ಮುಂದಿನ ಕಾರುಗಳಿಗೆ ಎಂಜಿನ್ನೇ ಇಲ್ಲ, ಬ್ಯಾಟರಿ ಮಾತ್ರ. ನಿನ್ನ ಮೇಜು ಹೋಗಿ ಆಗಲೇ ಆರು ತಿಂಗಳಾಯಿತು, ಹೇಳಲು ಬಾಯಿ ಬಂದಿರಲಿಲ್ಲ. ಕೂದಲೆಳೆಯಷ್ಟು ತೂಕಕ್ಕೆ ನೀನು, ಎರಡು ನಿಮಿಷಕ್ಕೆ ನಾನು, ಆಯುಷ್ಯ ಸವೆಸಿದ್ದು ಇಷ್ಟಕ್ಕೇ ನೋಡು.

ಈಗ ನಾನು ಸಂಜೆ ಕಾರಿನಲ್ಲಿ ಕೂರುವುದು ಯಾಕೆಂದು ತಿಳಿಯಿತಲ್ಲ. ಸುಮ್ಮನೆ ಕೂರುವುದಕ್ಕೂ ಈ ಗಾಡಿ ಬಿಡುವುದಿಲ್ಲ. ನಿಂತರೆ ಪೆಟ್ರೋಲ್ ಉಳಿಸಲು ತಾನೇ ಎಂಜಿನ್ ಆರಿಸಿಕೊಳ್ಳುತ್ತದೆ. ಅದು ಆರಿಸದ ಹಾಗೆ ಒಂದು ಗುಂಡಿ ಒತ್ತಿ, ಗಡಿಯಾರ ನೋಡುತ್ತಾ ಎರಡು ನಿಮಿಷ ಕಾಯುತ್ತೇನೆ. ಪಕ್ಕದ ಸೀಟಿನ ಕಡೆ ತಿರುಗುವುದಿಲ್ಲ. ಪ್ರಯೋಜನ ಏನೂ ಇಲ್ಲ.

ನಾಳೆ ಸಂಜೆ ನಿನ್ನ ಮಂಚದ ಪಕ್ಕ ಕುರ್ಚಿ ಎಳೆದು, ನಿನ್ನ ಮುಖ ನೋಡದೆ, ಇಬ್ಬರೂ ಕಿಟಕಿಯ ಕಡೆಗಿರುವಂತೆ ಕೂತು ಇದನ್ನು ಓದುತ್ತೇನೆ. ಓದಿ ಮುಗಿಸಿ ಒಂದು ಮಾತು ಕೇಳಬೇಕೆಂದಿದ್ದೆ: ಆವತ್ತು ನೀನು ಹೇಳಹೊರಟದ್ದು ಕೈಯ ವಿಷಯವೇ? ಹೌದಾದರೆ ರೆಪ್ಪೆ ಒಂದು ಸಲ, ಅಲ್ಲವಾದರೆ ಎರಡು ಸಲ, ನಿನ್ನ ಮಾತು ನಿಂತ ಮೇಲೆ ದಾದಿ ಕಲಿಸಿಕೊಟ್ಟ ಹಾಗೆ. ಆದರೆ ನಿನ್ನ ಜಾಯಮಾನ ನನಗೆ ಗೊತ್ತು. ಅಕ್ಕನ ಮನಸ್ಸು ನೋಯಬಾರದೆಂದು ನೀನು ಎರಡು ಸಲವೇ ಮುಚ್ಚುತ್ತೀ. ನಾನು ನಂಬುವುದಿಲ್ಲ. ನಾನು ನಂಬಲಿಲ್ಲವೆಂದು ನಿನಗೂ ಗೊತ್ತಾಗುತ್ತದೆ. ಹಾಗಾಗಿ ಕೇಳುವುದಿಲ್ಲ.

ಕಾಗದ ಮಡಚಿಟ್ಟು ಎರಡು ನಿಮಿಷ ಸುಮ್ಮನೆ ಕೂತಿರುತ್ತೇನೆ. ನೀನು ಏನಾದರೂ ಹೇಳುವುದಿದ್ದರೆ ಹೇಳು.

ನೂರು ವರ್ಷ ಬಾಳು ಎಂದು ಹರಸಲು ಬಾಯಿ ಬರುತ್ತಿಲ್ಲ ಕಂದ. ರಾತ್ರಿಗಳು ನಿನಗೆ ಚಿಕ್ಕವಾಗಲಿ, ಉಸಿರು ನೋಯದಿರಲಿ, ಹೋಗುವ ಹೊತ್ತಿಗೆ ನಾನು ಪಕ್ಕದಲ್ಲಿರುವಂತಾಗಲಿ.

ಆವತ್ತು ಅವಸರದಲ್ಲಿ ಇಳಿದುಹೋದ,
ನಿನ್ನ ಬೆಂಚಕ್ಕ