ಮುಂದಿನ ಚಕ್ರಕ್ಕೆ ತಾಗುವ ಕಾಲು

ಹಾಸನ
ಭಾನುವಾರ, 9 ನವೆಂಬರ್ 2025

ಅಪ್ಪನಿಗೆ,

ಕಾಗದವನ್ನು ‘ತೀರ್ಥರೂಪು ತಂದೆಯವರ ಪಾದಗಳಿಗೆ’ ಎಂದು ಶುರು ಮಾಡಬೇಕು ಅಂತ ವಸತಿ ಶಾಲೆಯಲ್ಲಿ ಕಲಿಸಿದ್ದರು. ಪರೀಕ್ಷೆಯಲ್ಲಿ ಎಷ್ಟೋ ಸಲ ಹಾಗೇ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಇವತ್ತು ನಿಜವಾದ ಅಪ್ಪನಿಗೆ ಬರೆಯುವಾಗ ಕೈ ಬರುತ್ತಿಲ್ಲ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಅಂತ ಕಾದೆ, ಅದಕ್ಕೇ ಇಷ್ಟು ತಡ. ಇಳಿಯಲಿಲ್ಲ. ತಡವಾಗಿದ್ದಕ್ಕೆ ಕ್ಷಮಿಸು. ಸಿಟ್ಟಿಗೆ ಕ್ಷಮೆ ಕೇಳುತ್ತಿಲ್ಲ.

ನೀನು ಫೋನ್ ಮಾಡಿದಾಗೆಲ್ಲ ನೋಡಿಕೊಂಡು ಕೂತಿದ್ದೆ, ಎತ್ತಲಿಲ್ಲ. ಎತ್ತಿದ್ದರೆ ಏನಾಗುತ್ತಿತ್ತು ಅಂತ ಇಬ್ಬರಿಗೂ ಗೊತ್ತು. ನಾನು ಅರ್ಧ ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದೆ. ನೀನು “ಆಯ್ತು ಬುಡವ್ವ, ಊಟ ಮಾಡ್ದಾ?” ಅಂತ ಕೇಳಿ ಫೋನನ್ನು ಅಮ್ಮನ ಕೈಗೆ ದಾಟಿಸುತ್ತಿದ್ದೆ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಮೇಲೆ ನಿನ್ನ ಹೆಸರಿದೆ, ನೀನೇ ಓದಬೇಕು.

ಇಲ್ಲಿ ನಾನು ಆರೋಗ್ಯ. ಮೊದಲ ಇಂಟರ್ನಲ್ಸ್ ಮುಗಿದವು. ಕೆಮಿಸ್ಟ್ರಿ ಹೋಗಿದೆ ಅನ್ನಿಸುತ್ತೆ. ಅಥವಾ ಹೋಗಿಲ್ಲವೇನೋ, ನನಗೆ ಯಾವಾಗಲೂ ಹೋಗಿದೆ ಅಂತಲೇ ಅನ್ನಿಸುತ್ತೆ. ಕ್ಲಾಸಿನಲ್ಲಿ ಮೈಸೂರು, ಮಂಗಳೂರು ಕಡೆಯವರು ಕೈ ಎತ್ತಿ ಪಟಪಟ ಅಂತ ಪ್ರಶ್ನೆ ಕೇಳುತ್ತಾರೆ. ನನ್ನ ವಾಕ್ಯ ಮನಸ್ಸಿನಲ್ಲಿ ಪೂರ್ತಿಯಾಗುವಷ್ಟರಲ್ಲಿ ಬೆಲ್ ಆಗಿರುತ್ತೆ. ಮೆಸ್ಸಿನ ಸಾಂಬಾರಿಗೆ ತೆಂಗಿನಕಾಯಿ ತೋರಿಸುತ್ತಾರೆ, ಹಾಕುವುದಿಲ್ಲ. ಅಮ್ಮ ಕೊಟ್ಟ ಕೊಬ್ಬರಿ ಚಟ್ನಿಪುಡಿಯನ್ನು ರೂಮಿನವರು ಅನ್ನಕ್ಕೆ, ಚಪಾತಿಗೆ, ಕೊನೆಗೆ ಬ್ರೆಡ್ಡಿಗೂ ಉದುರಿಸಿಕೊಂಡು ಖಾಲಿ ಮಾಡಿದರು.

ಈಗ ಸೈಕಲ್ ವಿಷಯ.

ಎಂಟನೇ ಕ್ಲಾಸಿನ ಕೊನೆಯಲ್ಲಿ ಅದು ಬಂದದ್ದು ನಿನಗೆ ನೆನಪಿರಬೇಕು. ಎಳನೀರು ಇಳಿಸಿ ಬೆಂಗಳೂರಿನಿಂದ ವಾಪಸ್ ಬರುತ್ತಿದ್ದ ಲಾರಿಯಲ್ಲಿ, ಗೋಣಿಚೀಲ ಸುತ್ತಿ, ಗೀರು ಬೀಳಬಾರದು ಅಂತ ಹಿಂದೆ ನೀನೇ ಹಿಡಿದುಕೊಂಡು ನಿಂತು ಬಂದೆ. ಯಾರೋ ಓಡಿಸಿ ಬಿಟ್ಟಿದ್ದ ಹಳೇ ರೋಡ್ ಬೈಕು. ಸ್ಟೀಲ್ ಫ್ರೇಮು, ಚಿಕ್ಕ ಅಳತೆ. ಆಗ ಸೀಟಿನ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಆಮೇಲೆ ನಾನೇ ಅದರ ಅಳತೆಗೆ ಬೆಳೆದೆ. ಹಾಸ್ಟೆಲಿಗೆ ಸೈಕಲ್ ತರುವ ಹಾಗಿರಲಿಲ್ಲವಾದ್ದರಿಂದ ಅದು ಮನೆಯಲ್ಲೇ ಉಳಿಯಿತು. ರಜೆಗೆ ಬಂದವಳು ಬ್ಯಾಗ್ ಇಳಿಸುವ ಮೊದಲು ಟೈರು ಒತ್ತಿ ನೋಡುತ್ತಿದ್ದೆ. ನೀನು ಗಾಳಿ ತುಂಬಿಸಿ ಇಟ್ಟಿರುತ್ತಿದ್ದೆ.

ಇಷ್ಟು ವರ್ಷದಲ್ಲಿ ಅದರಲ್ಲಿ ಏನೇನು ಬದಲಾಗಿದೆ ಅಂತ ನನಗೆ ಬಾಯಿಪಾಠ. ಹಿಂದಿನ ಚಕ್ರ ಮೊದಲು ಎಷ್ಟು ಸಡಿಲ ಇತ್ತು ಅಂದರೆ, ಏರಿನಲ್ಲಿ ಎದ್ದು ನಿಂತು ತುಳಿದರೆ ರಿಮ್ಮು ಪಕ್ಕಕ್ಕೆ ವಾಲಿ ಬ್ರೇಕಿನ ರಬ್ಬರಿಗೆ ಸರ್ ಸರ್ ಅಂತ ಉಜ್ಜುತ್ತಿತ್ತು. ತುಮಕೂರಿನಲ್ಲಿ ಹೊಸ ಸ್ಪೋಕ್ಸ್ ಹಾಕಿಸಿ ಎಲ್ಲವನ್ನೂ ಒಂದೇ ಸಮ ಬಿಗಿ ಮಾಡಿಸಿದೆವು. ಆವತ್ತು ಮೊದಲ ಸಲ, ನಾನು ತುಳಿದದ್ದೆಲ್ಲ ರಸ್ತೆಗೇ ಹೋಗುತ್ತಿದೆ ಅನ್ನಿಸಿತು. ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ, ನಾನು ಅಂದುಕೊಂಡದ್ದು ಅಂದುಕೊಂಡ ಹಾಗೆ ಆಚೆ ಬರುವುದಿಲ್ಲ ಅಪ್ಪ. ಆ ಸೈಕಲಿನ ಮೇಲೆ ಬರುತ್ತಿತ್ತು.

ದೀಪಾವಳಿಯ ಮಾರನೇ ಬೆಳಿಗ್ಗೆ ಅದನ್ನು ತೆಗೆದುಕೊಂಡು ದಬ್ಬೇಘಟ್ಟದ ಕಡೆ ಹೊರಟೆ. ಊರು ದಾಟುವವರೆಗೂ ಏನೂ ಗೊತ್ತಾಗಲಿಲ್ಲ, ಹ್ಯಾಂಡಲ್ ಸ್ವಲ್ಪ ಚುರುಕಾಗಿದೆ ಅನ್ನಿಸಿತು ಅಷ್ಟೆ. ಇಳಿಜಾರಿನಲ್ಲಿ ವೇಗ ಹತ್ತಿತು ನೋಡು, ಹ್ಯಾಂಡಲ್ ಅದುರಲು ಶುರುವಾಯಿತು. ಮೊದಲು ಬೆರಳಿನಲ್ಲಿ, ಆಮೇಲೆ ಮೊಣಕೈವರೆಗೆ, ಆಮೇಲೆ ಇಡೀ ಸೈಕಲ್ಲೇ ಒದರಿಕೊಳ್ಳುತ್ತಿತ್ತು. ಎದುರಿಗೆ ಟ್ರ್ಯಾಕ್ಟರ್ ಬರುತ್ತಿತ್ತು. ಬ್ರೇಕ್ ಒತ್ತಲೂ ಭಯ. ಮೇಲಿನ ಕಂಬಿಯನ್ನು ಎರಡೂ ಮಂಡಿಯಿಂದ ಅದುಮಿ ಹಿಡಿದು, ಹೇಗೋ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ನಾನು ಬೀಳಲಿಲ್ಲ. ಹ್ಯಾಂಡಲ್ ಅದುರುತ್ತೆ ಅಂತ ಅಮ್ಮನಿಗೆ ಹೇಳಿದ್ದೆ ಅಷ್ಟೆ, ಟ್ರ್ಯಾಕ್ಟರಿನ ವಿಷಯ ನಿನಗೆ ಆವತ್ತು ಹೇಳಲೇ ಇಲ್ಲ, ಈಗ ಹೇಳುತ್ತಿದ್ದೇನೆ.

ಮುಂದಿನ ಚಕ್ರವೇ ಡೊಂಕಾಗಿದೆ ಅಂದುಕೊಂಡು ತಿರುಗಿಸಿ ನೋಡಿದೆ. ನೆಟ್ಟಗಿತ್ತು. ಸ್ಪೋಕ್ಸನ್ನು ಜೋಡಿ ಜೋಡಿಯಾಗಿ ಹಿಸುಕಿ ನೋಡಿದೆ, ಎಲ್ಲ ಬಿಗಿ. ಆಮೇಲೆ ಕಣ್ಣು ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಫೋರ್ಕಿನ ಮೇಲೆ ಬಿತ್ತು. ಅದರ ಎರಡೂ ಕಾಲು ಮೊದಲಿಗಿಂತ ಹೆಚ್ಚು ಮುಂದಕ್ಕೆ ಬಾಗಿದ್ದವು. ಬಾಗಿದ ಕಡೆ ಹೊಸ ಕಪ್ಪು ಬಣ್ಣ. ನನ್ನ ಸೈಕಲ್ ಕಡು ನೀಲಿ.

ತಳ್ಳಿಕೊಂಡೇ ಮನೆಗೆ ಬಂದೆ. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಆಂಜನಪ್ಪ ಚಿಕ್ಕಪ್ಪ ಎಣಿಸುತ್ತಾ ನಿಂತಿದ್ದ, ನಾನು ಫೋರ್ಕು ತೋರಿಸಿ ಕೇಳಿದೆ.

“ಓ, ಅದಾ! ನಿಮ್ಮಪ್ಪನೇ ಕಿಬ್ಬನಹಳ್ಳಿ ಕ್ರಾಸಿಗೆ ತಗೊಂಡೋಗಿ ಮುಂದುಕ್ಕೆ ಬಗ್ಗಿಸ್ಕೊಂಡು ಬಂದ ಕಣವ್ವ. ವೆಲ್ಡಿಂಗ್ ದುರ್ಗಯ್ಯ ಗ್ಯಾಸ್‌ನಾಗೆ ಕಾಯ್ಸಿ ಬಗ್ಗಿಸ್ದ. ಈಗ ನಿನ್ ಕಾಲು ಚಕ್ರುಕ್ಕೆ ತಗುಲಾಕಿಲ್ಲ, ನೋಡ್ಕೊ ಬೇಕಾದ್ರೆ.”

“ಯಾವಾಗ?”

“ಗೌರಿಹಬ್ಬ ಆದ್ಮೇಲೆ.”

ಮಟ್ಟೆ ರಾಶಿಯ ಹಿಂದೆ ಕಾಯಿ ಸುಲಿಯುತ್ತಿದ್ದ ಚಿಕ್ಕಗೌರಮ್ಮ ನಕ್ಕಳು. “ಅಯ್ಯೋ, ನಿಂಗೊತ್ತಿಲ್ವಾ ಮಗಾ? ಊರಿಗೆಲ್ಲ ತೋರ್ಸ್ಕೊಂಡು ಬಂದ ಕಣೇ ನಿಮ್ಮಪ್ಪ. ‘ನನ್ ಮಗ್ಳು ಇನ್ನ ಬೀಳಾಕಿಲ್ಲ’ ಅಂತ ಟೀ ಅಂಗ್ಡಿತಾವ ಸೈಕಲ್ ನಿಲ್ಸ್ಕೊಂಡು ಹೇಳ್ತಿದ್ದ.”

ಊರಿಗೆಲ್ಲ ಗೊತ್ತು. ಕಾಯಿ ಸುಲಿಯುವವರಿಗೆ ಗೊತ್ತು. ಅಮ್ಮನಿಗೆ ಗೊತ್ತು. ಗೌರಿಹಬ್ಬದಿಂದ ದೀಪಾವಳಿವರೆಗೆ ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡಿದ್ದೇವೆ. “ಸೈಕಲ್ ಹೆಂಗಿದೆ?” ಅಂತ ನಾನು ಕೇಳಿದಾಗೆಲ್ಲ “ಚೆನ್ನಾಗೈತೆ ಕಣವ್ವ” ಅಂದಿದ್ದೀಯ.

ಮೇ ತಿಂಗಳಲ್ಲಿ ನಾನು ಗೇಟಿನ ಮುಂದೆ ಬಿದ್ದದ್ದು ನಿಜ. ಗಲ್ಲಕ್ಕೆ ಹೊಲಿಗೆ ಬಿದ್ದದ್ದೂ ನಿಜ. ಕಾಯಿ ರಾಶಿ ತಪ್ಪಿಸಲು ನಿಧಾನವಾಗಿ ತಿರುಗಿಸುವಾಗ ಷೂಸಿನ ತುದಿ ಮುಂದಿನ ಚಕ್ರಕ್ಕೆ ತಾಗಿತು. ಆವತ್ತೇ ಹೇಳಿದ್ದೆ, ಚಿಕ್ಕ ಫ್ರೇಮಿಗೆ ದೊಡ್ಡ ಚಕ್ರ ಹಾಕಿದರೆ ಹೀಗೇ ಆಗುವುದು, ನಿಧಾನವಾಗಿ ತಿರುಗಿಸುವಾಗ ಮಾತ್ರ ತಾಗುವುದು, ರಸ್ತೆಯಲ್ಲಿ ಯಾರೂ ಹ್ಯಾಂಡಲನ್ನು ಅಷ್ಟು ತಿರುಗಿಸುವುದಿಲ್ಲ, ಗೇಟಿನ ಹತ್ತಿರ ನಾನು ಇಳಿದು ತಳ್ಳುತ್ತೇನೆ ಅಂತ. ನೀನು ತಲೆ ಆಡಿಸಿದೆ. ಕೇಳಿಸಿಕೊಂಡೆ ಅಂದುಕೊಂಡೆ.

ಸಂಜೆ ತೋಟದಿಂದ ಬಂದ ನಿನ್ನ ಜೊತೆ ಜಗಳ ಆಡಿದೆನಲ್ಲ, ಅದು ನನಗೆ ಒಂದು ಅಕ್ಷರ ಬಿಡದೆ ನೆನಪಿದೆ.

“ನನ್ನ ಯಾಕೆ ಕೇಳಲಿಲ್ಲ?” ಅಂದೆ.

“ಕೇಳುದ್ರೆ ಬ್ಯಾಡ ಅಂತಿದ್ದೆ.”

“ಬೇಡ ಅಂತಾಳೆ ಅಂತ ಗೊತ್ತಿದ್ದರೆ ಮಾಡಬಾರದು ಅಪ್ಪ! ಕೇಳೋದು ಅದಕ್ಕೇ!”

“ಹಲ್ಲು ಮುರ್ಕೊಂಡಿದ್ರೆ ಯಾರು ಬತ್ತಿದ್ರು? ಗಲ್ಲುದ್ ತುಂಬ ರಕ್ತ ಸುರುಸ್ಕೊಂಡು ನಿಂತಿದ್ದೆ, ನೋಡ್ದೋನು ನಾನು. ಒಂದು ಕಬ್ಬಿಣುದ್ ಕಡ್ಡಿ ಬಗ್ಗಿಸ್ದುದ್ಕೆ ಹಿಂಗ್ ಕುಣೀತಿಯಲ್ಲ. ಕಾಲು ತಗುಲುತ್ತಾ ಈಗ? ಅಷ್ಟು ಹೇಳು.”

ತಗುಲುವುದಿಲ್ಲ. ಆ ಒಂದು ಮಾತಿನಲ್ಲಿ ನೀನು ಗೆದ್ದೆ. ನನಗೆ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ, ಅಳು ಬಂತು. ನೀನು ಅಮ್ಮನ ಕಡೆ ತಿರುಗಿ “ಹಾಸ್ಟೆಲ್ ಕೋಪ, ಹಸಿವಾದ್ರೆ ಇಳಿತದೆ” ಅಂದೆ. ನಾನು ಮಾರನೇ ದಿನವೇ ತಿಪಟೂರಿಗೆ ಹೋಗಿ ಹಾಸನದ ಬಸ್ ಹತ್ತಿದ್ದು ಅದಕ್ಕೆ.

ಆವತ್ತು ಹೇಳಲಾಗದ್ದನ್ನು ಈಗ ಬರೆಯುತ್ತೇನೆ, ಸಮಾಧಾನವಾಗಿ ಓದು. ಹ್ಯಾಂಡಲ್ ತಿರುಗುವ ಕೊಳವೆ ಫ್ರೇಮಿನಲ್ಲಿ ಓರೆಯಾಗಿ ನಿಂತಿರುತ್ತದೆ. ಅದೇ ಓರೆಯಲ್ಲಿ ನೆಲದವರೆಗೆ ಒಂದು ಗೆರೆ ಎಳೆದೆ ಅಂದುಕೊ. ಚಕ್ರ ನೆಲ ಮುಟ್ಟುವ ಜಾಗ ಆ ಗೆರೆಗಿಂತ ಸ್ವಲ್ಪ ಹಿಂದೆ ಇರುತ್ತದೆ. ಆ ಸ್ವಲ್ಪ ಅಂತರ ಇರುವುದರಿಂದಲೇ ಓಡುವ ಸೈಕಲಿನ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುವುದು. ಫೋರ್ಕನ್ನು ಮುಂದಕ್ಕೆ ಬಗ್ಗಿಸಿದರೆ ಚಕ್ರವೂ ಮುಂದೆ ಹೋಗುತ್ತದೆ, ಆ ಅಂತರವೂ ಕಮ್ಮಿಯಾಗುತ್ತದೆ. ಗೇಟಿನ ಮುಂದೆ ನಿಧಾನಕ್ಕೆ ಬೀಳುವುದು ಬೇಡ ಅಂತ ನೀನು ನನ್ನನ್ನು ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಮುಂದೆ ಬಿಟ್ಟೆ. ಕಾಯಿಸಿದ ಸ್ಟೀಲಿನ ಬಲ ಬೇರೆ ಹೋಗಿರುತ್ತದೆ, ಯಾವತ್ತು ಮುರಿಯುತ್ತೋ ಗೊತ್ತಿಲ್ಲ. ಅದನ್ನು ವಾಪಸ್ ಬಗ್ಗಿಸುವ ಹಾಗೂ ಇಲ್ಲ. ಬೇರೆ ಫೋರ್ಕೇ ಹಾಕಬೇಕು.

ಅಟ್ಟದ ಮೇಲಿನ ಕಾಯಿಗೆ ನಿನ್ನಷ್ಟು ಕಾಯುವವರನ್ನು ನಾನು ಕಂಡಿಲ್ಲ. ಅದು ಒಣಗಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ. ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದರೆ ಮಾತ್ರ ಒಡೆಯುವುದು. ಅವಸರ ಮಾಡಿದವರನ್ನು ಬೈಯುತ್ತೀಯ. ಮಗಳು ರಜೆಗೆ ಬರುವವರೆಗೆ ಕಾಯಲು ಮಾತ್ರ ನಿನಗೆ ಆಗಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲವಂತೆ. ಮೊನ್ನೆ ಅಮ್ಮನ ವಾಯ್ಸ್ ಮೆಸೇಜ್ ಬಂತು: “ನಿಮ್ಮಪ್ಪ ಬೇಜಾರ್ ಮಾಡ್ಕೊಂಡವ್ರೆ ಕಣೇ. ಚಕ್ರ ನಾಜೂಕಾಗಿರೋದ್ಕೆ ಅದುರ್ತದೆ ಅಂತ ದುರ್ಗಯ್ಯ ಹೇಳವ್ನಂತೆ. ದಪ್ಪ ಚಕ್ರ ಹಾಕುಸ್ತೀನಿ, ಗಟ್ಟಿ ಇರ್ತದೆ, ಅವ್ಳಿಗೇನು ಹೇಳ್ಬ್ಯಾಡ, ಬಂದಾಗ ನೋಡ್ಕೊಂಡು ಖುಷಿ ಪಡ್ಲಿ ಅಂತವ್ರೆ.” ಪಾಪ, ಹೇಳಬೇಡ ಅಂದದ್ದನ್ನೂ ಸೇರಿಸಿ ಹೇಳಿದ್ದಾಳೆ. ಅವಳನ್ನು ಬೈಯಬೇಡ.

ಬೇಡ ಅಪ್ಪ. ಚಕ್ರ ಗಟ್ಟಿ ಇರುವುದು ದಪ್ಪಕ್ಕಲ್ಲ. ಎಲ್ಲ ಸ್ಪೋಕ್ಸೂ ಒಂದೇ ಸಮ ಎಳೆದು ಹಿಡಿದಿರುವುದಕ್ಕೆ. ನನ್ನ ಚಕ್ರದಲ್ಲಿ ಯಾವ ತಪ್ಪೂ ಇಲ್ಲ. ನಾನು ಬರುವವರೆಗೂ ಆ ಸೈಕಲನ್ನು ಮುಟ್ಟಬೇಡ. ಎಣ್ಣೆ ಹಾಕಬೇಡ, ಒರೆಸಬೇಡ. ಯಾರಿಗೂ ಓಡಿಸಲು ಕೊಡಬೇಡ, ಮುಖ್ಯವಾಗಿ ಆಂಜನಪ್ಪ ಚಿಕ್ಕಪ್ಪನಿಗೆ. ಅವನು “ಸುಮ್ನೆ ಅಂಗಡಿತಂಕ” ಅಂತಲೇ ತೆಗೆದುಕೊಂಡು ಹೋಗುತ್ತಾನೆ, ಆಮೇಲೆ ಹೆದ್ದಾರಿಯಲ್ಲಿರುತ್ತಾನೆ.

ಡಿಸೆಂಬರಿನಲ್ಲಿ ಯೂನಿವರ್ಸಿಟಿ ಸೈಕ್ಲಿಂಗ್ ಟೀಮಿಗೆ ಸೆಲೆಕ್ಷನ್ ಇದೆ. ಹೆಸರು ಕೊಟ್ಟಿದ್ದೇನೆ. ಈಗ ಕ್ಲಬ್ಬಿನ ಸೈಕಲಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ, ನನಗಿಂತ ಒಂದು ಅಳತೆ ದೊಡ್ಡದು, ಹ್ಯಾಂಡಲ್ ಹಿಡಿಯಲು ಬೆನ್ನು ಚಾಚಿ ಚಾಚಿ ನೋವು ಬಂದಿದೆ. ಅದೂ ಇರಲಿ, ಸಹಿಸಿಕೊಳ್ಳುತ್ತೇನೆ. ಇಳಿಜಾರು ಬಂದ ತಕ್ಷಣ ನನ್ನ ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ. ಆ ಸೈಕಲಿನದೇನೂ ತಪ್ಪಿಲ್ಲ, ಆದರೂ ಹೋಗುತ್ತದೆ. ಮೊದಲು ಹೀಗಿರಲಿಲ್ಲ. ನನಗೆ ಎಲ್ಲದಕ್ಕೂ ಭಯ, ನಿನಗೆ ಗೊತ್ತು: ವೈವಾ, ಬಸ್ಸು ತಪ್ಪುವುದು, ಮೇಡಂ ಹೆಸರು ಹಿಡಿದು ಕರೆಯುವುದು. ಇಳಿಜಾರಿಗೆ ಮಾತ್ರ ಭಯ ಇರಲಿಲ್ಲ.

ಮುಂದಿನ ಶನಿವಾರ ಬರುತ್ತೇನೆ. ಸೈಕಲನ್ನು ತುಮಕೂರಿಗೆ ತೆಗೆದುಕೊಂಡು ಹೋಗೋಣ. ನೀನೂ ಬಾ. ಆ ಅಂಗಡಿಯವರ ಮುಂದೆ ಕೂತು, ಯಾವ ಫೋರ್ಕು, ಯಾಕೆ ಅದೇ ಅಳತೆ ಅಂತ ನನ್ನ ಜೊತೆ ನೀನೂ ಕೇಳಿಸಿಕೊ. ಕಾಲು ಆಮೇಲೂ ತಾಗುತ್ತೆ, ಈಗಲೇ ಹೇಳಿದ್ದೇನೆ.

ಅಮ್ಮನಿಗೆ, ಚಿಕ್ಕಪ್ಪನಿಗೆ ಕೇಳಿದೆ ಅಂತ ಹೇಳು. ನಿನ್ನ ಆಶೀರ್ವಾದ ಕೇಳಬೇಕಾದ ಜಾಗ ಇದು. ಸೆಲೆಕ್ಷನ್ನಿಗಾದರೂ ಮಾಡು, ಸಿಟ್ಟಿದ್ದರೂ ಬೇಕು.

ನಿನ್ನ ಮಗಳು,
ಸ್ಪಂದನ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂತ ಇದ್ದೆ. ಕವರಿಗೆ ಅಂಟು ಹಚ್ಚುವಾಗ ಕೈ ನಿಂತಿತು. ಮಾರ್ಚಿನಲ್ಲಿ ನನ್ನ ಪಿಯು ಪರೀಕ್ಷೆ ನಡೆಯುವಾಗ ಸಿದ್ದಮ್ಮಜ್ಜಿ ಹೋದಳು. ನನಗೆ ಹೇಳಲಿಲ್ಲ. ತಿಥಿಯೂ ಮುಗಿದು, ಕೊನೆಯ ಪೇಪರೂ ಮುಗಿದ ಮೇಲೆ ಬಂದೆ. ಅಜ್ಜಿಯ ಮಂಚ ಬಿಚ್ಚಿ ಗೋಡೆಗೆ ಒರಗಿಸಿತ್ತು. ನನ್ನ ಒಳ್ಳೇದಕ್ಕೇ ಅಂತ ಎಲ್ಲರೂ ಹೇಳಿದಿರಿ. ನಾನು ಆವತ್ತು ಜಗಳ ಆಡಲಿಲ್ಲ, ಯಾಕೆಂದರೆ ಪರೀಕ್ಷೆ ಚೆನ್ನಾಗಿ ಆಗಿತ್ತು, ಏನು ಹೇಳಬೇಕು ಅಂತಲೂ ಗೊತ್ತಾಗಲಿಲ್ಲ. ಆದರೆ ಅಜ್ಜಿ ಹೋದ ಮೇಲೆ, ಫಿಸಿಕ್ಸ್ ಪೇಪರಿನ ಹಿಂದಿನ ದಿನ, ನಾನು ಹಾಸ್ಟೆಲಿನಿಂದ ಫೋನ್ ಮಾಡಿದ್ದೆ ಅಪ್ಪ. ಅಜ್ಜಿಗೆ ಕೊಡು ಅಂದೆ. “ಮಲ್ಗವ್ಳೆ ಕಣವ್ವ” ಅಂದೆ ನೀನು. ಅವಳಿಗೆ ಎಚ್ಚರವಾಗಬಾರದು ಅಂತ ಆಮೇಲಿನ ಮಾತನ್ನೆಲ್ಲ ನಾನು ಪಿಸುಗುಟ್ಟಿ ಆಡಿದೆ. ನೀನು ಆ ಕಡೆಯಿಂದ ಹೂಂ, ಹೂಂ ಅಂತ ಕೇಳಿಸಿಕೊಂಡೆ.