ಕುಂಕುಮ ಹಚ್ಚಿದ ಡಿಸ್ಕುಗಳು

ಮಲ್ಕಾಜ್‌ಗಿರಿ, ಸಿಕಂದರಾಬಾದ್,
೫ ಅಕ್ಟೋಬರ್ ೨೦೦೬, ಗುರುವಾರ

ಪ್ರೀತಿಯ ಭರತನ ಅಪ್ಪನವರಿಗೆ, ಸುಮಂಗಲಾಳ ನಮಸ್ಕಾರಗಳು.

ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ಹೊಸದು ತಂದುಕೊಂಡಿರಾ? ಮೆಸ್ಸಿನವರು ಅನ್ನಕ್ಕೆ ಸೋಡಾ ಹಾಕುತ್ತಾರೆ ಅಂತ ಬರೆದಿದ್ದಿರಿ. ಹಾಗಿದ್ದರೆ ಅನ್ನ ಬಿಟ್ಟು ಎರಡು ರೊಟ್ಟಿ ತಿನ್ನಿ. ಹುಬ್ಬಳ್ಳಿಯಲ್ಲಿ ಕೂತು ರೊಟ್ಟಿ ಸಿಗುವುದಿಲ್ಲ ಅಂದರೆ ಹಸುಗೂಸೂ ನಂಬುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಒಂದಿದೆ, ಅದು ನಿಮ್ಮ ಹಾಗೆ, ಹೇಳದೆ ಬರುತ್ತದೆ, ಹೇಳದೆ ಹೋಗುತ್ತದೆ. ಭರತ ಬೀದರಿನ ಹಾಸ್ಟೆಲಿನಿಂದ ದಸರೆಗೆ ಬಂದು ಮೂರು ದಿನ ಇದ್ದ, ಮೂರೂ ದಿನ ಮಲಗಿದ್ದ. ಇಂಥ ಸಂಗತಿಯೊಂದು ನಡೆದದ್ದನ್ನು ಅವನು ಕಣ್ಣಾರೆ ನೋಡದೆ ಹೋದನಲ್ಲ ಎಂದು ನನಗಿನ್ನೂ ಹೊಟ್ಟೆ ಉರಿಯುತ್ತಿದೆ.

ನಿಮ್ಮ ಕಾಗದದಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. ರೈಲ್ವೆ ಕೆಲಸದಲ್ಲಿ ನೀವು ಹುಬ್ಬಳ್ಳಿಗೆ ವರ್ಗವಾಗಿ ಹೋಗಿ ಒಂದೂವರೆ ವರ್ಷವಾಯಿತು, “ದೀಪಾವಳಿಗೆ ಸಾಮಾನು ಕಟಗೊಂಡು ಬರ್ತೀಯೋ ಇಲ್ಲೋ, ಈ ಸಲ ಸುತ್ತಿ ಬಳಸಬ್ಯಾಡ” ಅಂತ ಕೇಳಿದ್ದೀರಿ. ಸುತ್ತಿ ಬಳಸದೆ ಹೇಳುವುದು ನನಗೆ ಬರುವುದಿಲ್ಲ, ಅದು ಗೊತ್ತಿದ್ದೇ ನನ್ನನ್ನು ಮದುವೆಯಾಗಿದ್ದೀರಿ. ನಮ್ಮ ಮಾತು ಏನಾಗಿತ್ತು? ನಾನು ಪಾಠ ಹೇಳುವ ಈ ಕನ್ನಡ ಶಾಲೆ ನಡೆಯುವಷ್ಟು ದಿನ ನಾನು ಇಲ್ಲಿ, ಮುಚ್ಚಿದ ಮರುದಿನ ಹುಬ್ಬಳ್ಳಿ. ಮುಚ್ಚುವುದು ಖಂಡಿತ ಎಂದು ನೀವು ಮನೆ ಕೂಡ ನೋಡಿಟ್ಟಿದ್ದೀರಿ. ನಿಮ್ಮನ್ನು ತಪ್ಪು ಅನ್ನಲಾರೆ, ಕಳೆದ ತಿಂಗಳು ನನಗೂ ಹಾಗೇ ಅನ್ನಿಸಿತ್ತು. ಯಾದಗಿರಿ ಕಡೆಯ ಮಲ್ಲಣ್ಣ ಅಂತ ಗಾರೆ ಕೆಲಸದ ಮೇಸ್ತ್ರಿ, ಅವನ ಮಗಳು ಗುರುದೇವಿ ನನ್ನ ಐದನೇ ತರಗತಿಯಲ್ಲಿದ್ದಾಳೆ. ಅವನು ಗೇಟಿನ ಹತ್ತಿರ ನಿಂತು ಹೇಳಿದ್ದ, “ಟೀಚರಮ್ಮಾ, ಬಾಜೂ ಇಂಗ್ಲಿಷ್ ಸಾಲ್ಯಾಗ ಕಂಪ್ಯೂಟರ್ ಐತ್ರಿ. ನಮ್ ಸಾಲ್ಯಾಗ ಏನೈತ್ರಿ? ದಸರಾ ಮುಗೀಲಿ, ಹುಡುಗೀನ ಅಲ್ಲಿ ಹಾಕ್ತೀನಿ.” ಅವನ ಕೈಕೆಳಗೆ ಹದಿನಾಲ್ಕು ಸಂಸಾರ. ಅವನು ಹೋದ ಕಡೆ ಎಲ್ಲರೂ ಹೋಗುತ್ತಾರೆ. ಮೂವತ್ತೆಂಟು ಮಕ್ಕಳಲ್ಲಿ ಉಳಿಯುವುದು ಹದಿನೈದು, ಹದಿನೈದಕ್ಕೆ ಶಾಲೆ ನಡೆಸುವುದಿಲ್ಲ ಎಂದು ಸಮಿತಿಯವರು ಮೊದಲೇ ಹೇಳಿಬಿಟ್ಟಿದ್ದರು.

ಆಗ ನೆರವಾದವನು ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದಿರುವ ಕುಂದಾಪುರದ ಚಂದ್ರಹಾಸ. ಅವನ ಕಂಪನಿಯವರು ಹಿಮಾಯತ್‌ನಗರದ ಹಳೇ ಆಫೀಸು ಬಿಟ್ಟು ಮಾದಾಪುರದ ಗಾಜಿನ ಕಟ್ಟಡಕ್ಕೆ ಹೋದರು. ಗುಜರಿಗೆ ಹಾಕಲು ಇಟ್ಟಿದ್ದ ನಾಲ್ಕು ಕಂಪ್ಯೂಟರುಗಳನ್ನು ಇವನು ಕೇಳಿ ಪಡೆದು ಟ್ರಾಲಿ ಆಟೋದಲ್ಲಿ ಶಾಲೆಗೆ ತಂದು ಇಳಿಸಿದ. ನನ್ನ ಖುಷಿ ಹತ್ತು ನಿಮಿಷದ್ದು. ಒಳಗಿದ್ದುದನ್ನೆಲ್ಲ ಅಳಿಸಿ ಕೊಟ್ಟಿದ್ದರು, ಸ್ವಿಚ್ ಒತ್ತಿದರೆ ಕರೀ ಪರದೆ, ಅದರ ಮೂಲೆಯಲ್ಲಿ ಮಿಟುಕುವ ಒಂದು ಗೆರೆ. ಯಾರದೋ ನಕಲಿ ವಿಂಡೋಸ್ ತಂದು ಹಾಕಿಬಿಡಪ್ಪ ಅಂದರೆ ಅವನು ಕೆನ್ನೆ ಬಡಿದುಕೊಂಡ. “ಶಾಲೆಯಲ್ಲಿ ಕದ್ದ ಮಾಲು ಬೇಡ ಆಂಟಿ. ಲಿನಕ್ಸ್ ಉಂಟಲ್ಲ, ಮಾರಾಯ್ರೆ!” ಎಂದ.

ಲಿನಕ್ಸ್ ಅಂದರೆ, ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ, ಒಂದೇ ವಸ್ತು ಎಂದು ನಾನು ತಿಳಿದಿದ್ದೆ. ಅವನು ನಮ್ಮ ಊಟದ ಮೇಜಿನ ಮೇಲೆ ಐದು ಬಗೆಯ ಡಿಸ್ಕುಗಳನ್ನು ಹರಡಿದ. ಒಂದರ ಮೇಲೆ ಹಸಿರು ಊಸರವಳ್ಳಿ, ಒಂದು ನೀಲಿ, ಒಂದು ಕಂದು, ಒಂದರ ಮೇಲೆ ಕೆಂಪು ಸುಳಿ, ಇನ್ನೊಂದು ಜರ್ಮನಿಯದು. ಇವೆಲ್ಲ ಲಿನಕ್ಸೇ ಆದರೆ ಐದು ಯಾಕೆ ಎಂದು ಕೇಳಿದೆ. ಹದಿನೈದು ವರ್ಷದ ಹಿಂದೆ ಫಿನ್ಲೆಂಡ್ ದೇಶದ ವಿದ್ಯಾರ್ಥಿಯೊಬ್ಬ ಅದರ ತಿರುಳನ್ನು ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಹಂಚಿ ಎಂದು ಜಗತ್ತಿನ ಮುಂದೆ ಇಟ್ಟನಂತೆ. ಆ ತಿರುಳನ್ನು ಒಯ್ದು ಒಬ್ಬೊಬ್ಬರು ತಮಗೆ ಬೇಕಾದ ಸಾಮಾನು ಸೇರಿಸಿ ಕಟ್ಟಿಕೊಟ್ಟದ್ದು ಈ ಐದು. ಐದೇನು, ನೂರಾರು ಇವೆಯಂತೆ. ನನಗೆ ಅರ್ಥವಾದದ್ದು ಇಷ್ಟು: ಎಲ್ಲರ ಮನೆಯಲ್ಲೂ ಅದೇ ಜೋಳದ ಹಿಟ್ಟು. ನಿಮ್ಮ ಅಮ್ಮ ಖಡಕ್ ರೊಟ್ಟಿ ಮಾಡುತ್ತಿದ್ದರು, ನನ್ನ ಅಮ್ಮ ಮೆತ್ತನೆಯದು ಮಾಡುತ್ತಿದ್ದಳು, ಕಾಯಿಲೆಯವರಿಗೆ ಅದರದೇ ಅಂಬಲಿ. ಯಾವುದು ಒಳ್ಳೆಯದು ಅಂದರೆ, ತಿನ್ನುವವನ ಹಲ್ಲು ಹೇಗಿದೆ ಎಂದು ಮೊದಲು ಕೇಳಬೇಕು.

ನಮ್ಮ ಕಂಪ್ಯೂಟರುಗಳಿಗೆ ಹಲ್ಲೇ ಇರಲಿಲ್ಲ. ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಒಂದೊಂದನ್ನೇ ಹಾಕಿ ನೋಡಿದೆವು. ಊಸರವಳ್ಳಿಯ ಸುಸೆ ಅರ್ಧಕ್ಕೆ ನಿಂತಿತು. ನೀಲಿಯದು ಫೆಡೋರಾ, ಐದು ಡಿಸ್ಕು. ಜಗತ್ತಿನಲ್ಲಿ ಏನು ಹೊಸತು ಬಂದರೂ ಅದರಲ್ಲಿ ಮೊದಲು ಬರುತ್ತದೆ, ಹಿಂದೆ ಒಂದು ದೊಡ್ಡ ಕಂಪನಿ ಇದೆ. ಆದರೆ ಒಂದು ಕಡೆ ಒತ್ತಿ ಅದು ತೆರೆಯುವಷ್ಟರಲ್ಲಿ ನಾನು ಒಂದು ಕಪ್ ಚಹಾ ಕುಡಿದು ಮುಗಿಸಿದೆ. ಜರ್ಮನಿಯ ನಾಪಿಕ್ಸ್ ನನ್ನನ್ನು ಬೆಚ್ಚಿಬೀಳಿಸಿತು. ಕಂಪ್ಯೂಟರಿನೊಳಗೆ ಏನನ್ನೂ ಇಡುವುದಿಲ್ಲ, ಇಡೀ ಸಂಸಾರ ಆ ಒಂದು ಡಿಸ್ಕಿನಲ್ಲೇ ನಡೆಸುತ್ತದೆ, ಡಿಸ್ಕು ತೆಗೆದು ಮತ್ತೆ ಸ್ವಿಚ್ ಹಾಕಿದರೆ ಬಂದು ಹೋದ ಗುರುತೇ ಇಲ್ಲ. ಮಕ್ಕಳು ಬರೆದದ್ದೂ ಹಾಗೇ ಮಾಯವಾಗುತ್ತದೆ ಎಂದು ಅದನ್ನು ಬಿಟ್ಟೆವು. ಕಂದು ಬಣ್ಣದ್ದು ಉಬುಂಟು. ಯಾವುದೋ ದೇಶದಿಂದ ಅಂಚೆಯಲ್ಲಿ ಬಂದದ್ದು, ಕೇಳಿದವರಿಗೆಲ್ಲ ಪುಕ್ಕಟೆ ಕಳಿಸುತ್ತಾರಂತೆ, ಅಂಚೆ ವೆಚ್ಚವೂ ಅವರದೇ. ನಮಗೆ ಯಾಕೆ ಕಳಿಸಿದರು, ನಾವು ಅವರಿಗೆ ಏನಾಗಬೇಕು? ಅದರ ಚೆಂದಕ್ಕೆ ನಾನು ಸೋತುಹೋದೆ. ಆದರೆ ಮೈ ಭಾರ, ತೆರೆದುಕೊಳ್ಳಲು ಹನ್ನೊಂದು ನಿಮಿಷ.

ಕೊನೆಯದು ಕೆಂಪು ಸುಳಿಯ ಡೆಬಿಯನ್. ಅದನ್ನು ಶುರುಮಾಡಿದವನು ತನ್ನ ಹುಡುಗಿಯ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಇಟ್ಟ ಹೆಸರಂತೆ ಅದು. ನಮ್ಮ ಮನೆಯ ಕಲ್ಲಿನ ಮೇಲೆ ನೀವು ಕೆತ್ತಿಸಿದ್ದು ನಿಮ್ಮದೇ ಹೆಸರಿನ ‘ಆನಂದ ನಿಲಯ’, ನನ್ನದೊಂದು ಅಕ್ಷರ ಇಲ್ಲ, ಇರಲಿ. ಇದಕ್ಕೆ ಕಂಪನಿಯೂ ಇಲ್ಲ, ಮಾಲೀಕನೂ ಇಲ್ಲ. ಸಾವಿರ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಮಾಡುತ್ತಾರೆ, ಮತ ಹಾಕಿ ತೀರ್ಮಾನಿಸುತ್ತಾರೆ, ಹೊಸದು ಯಾವಾಗ ಅಂದರೆ “ಆದಾಗ” ಅನ್ನುತ್ತಾರೆ. ಹಳೇ ಯಂತ್ರದ ಮೇಲೂ ಓಡುತ್ತದೆ. ಆದರೆ ನೋಡಲು ಬಣ್ಣವಿಲ್ಲ, ಮೇಲಾಗಿ ಹೆಜ್ಜೆಹೆಜ್ಜೆಗೂ ಪ್ರಶ್ನೆ. ಹೆಣ್ಣು ನೋಡಲು ಬಂದ ಸೋದರತ್ತೆಯೂ ಇಷ್ಟು ಕೇಳುವುದಿಲ್ಲ. ನಾಲ್ಕನೇ ಪ್ರಶ್ನೆಗೆ ನನಗೆ ತಲೆ ಚಿಟ್ಟು ಹಿಡಿಯಿತು. ಆಗಲೇ ಕರೆಂಟೂ ಹೋಯಿತು, ಡಿಸ್ಕು ಒಳಗೇ ಉಳಿಯಿತು. ಯಾವುದು ಬೇಕು ಹೇಳಿ ಎಂದು ಚಂದ್ರಹಾಸ ನನ್ನ ಮುಖ ನೋಡಿದ. ನಿನಗೆ ತಿಳಿದದ್ದು ಹಾಕಪ್ಪ ಅಂದರೆ ಒಪ್ಪಲಿಲ್ಲ. “ದಿನಾ ಇದರ ಎದುರು ಕೂರುವವರು ನೀವು. ನೀವು ಹೇಳಿದ್ದೇ ಆಗಬೇಕು” ಎಂದ. ನಿಜ ಹೇಳುತ್ತೇನೆ, ನನಗೆ ಗಾಬರಿಯಾಯಿತು. ಇಷ್ಟು ವರ್ಷದಲ್ಲಿ ಯಾರೂ ನನ್ನ ಮುಂದೆ ಐದು ಇಟ್ಟು ಆರಿಸು ಅಂದದ್ದಿಲ್ಲ. ಚೆಂದದ ಆಸೆಗೆ ಬಿದ್ದು ಕಂದು ಬಣ್ಣದ್ದೇ ಇರಲಿ ಅಂದೆ.

ಮರುದಿನ ಭಾನುವಾರ ಮಹಾನವಮಿ. ಕೆಲಸದವರೆಲ್ಲ ಈ ಸಲ ಆಯುಧ ಪೂಜೆಯನ್ನು ಶಾಲೆಯಲ್ಲೇ ಮಾಡಲಿ, ಅವರ ಕಣ್ಣ ಮುಂದೆಯೇ ಕಂಪ್ಯೂಟರು ಶುರುವಾಗಲಿ ಎಂದು ನಾನೇ ಕರೆದಿದ್ದೆ. ಮಲ್ಲಣ್ಣನ ಕಡೆಯವರು ಕರಣೆ, ತೂಕದ ಗುಂಡು, ನೆಲ ಸಮ ಇದೆಯೇ ಎಂದು ನೋಡುವ ರಸಮಟ್ಟ ಎಲ್ಲ ತೊಳೆದು ತಂದು ಸಾಲಾಗಿ ಇಟ್ಟರು. ನಾನು ಕಂಪ್ಯೂಟರುಗಳ ಪಕ್ಕದಲ್ಲಿ ತಟ್ಟೆಯೊಂದರಲ್ಲಿ ಡಿಸ್ಕುಗಳನ್ನು ಇಟ್ಟು ಹೂ ತರಲು ಹೊರಗೆ ಹೋದೆ. ಬರುವಷ್ಟರಲ್ಲಿ ಮಲ್ಲಣ್ಣನ ಹೆಂಡತಿ ಗದಿಗೆಮ್ಮ ಅಷ್ಟೂ ಡಿಸ್ಕುಗಳಿಗೆ ಮೂರೆಳೆ ವಿಭೂತಿ ಎಳೆದು, ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದಳು, ಅದೂ ಹೊಳೆಯುವ ಕಡೆಗೆ! ಮುಖ ಕಾಣುವ ಕಡೆಯೇ ದೇವರ ಮುಖ ಎಂದು ಅವಳು ತಿಳಿದದ್ದರಲ್ಲಿ ತಪ್ಪೇನಿದೆ? ಅಲ್ಲೇ ಓದುವುದು ಎಂದು ಅವಳಿಗೆ ಯಾರು ಹೇಳಿದ್ದರು? ಚಂದ್ರಹಾಸ ಒದ್ದೆ ಬಟ್ಟೆ ಹಿಡಿದು ಒರೆಸಿದ, ಒರೆಸಿದಷ್ಟೂ ಗೀರು ಬಿತ್ತು. ಉಬುಂಟು ಹಾಕಿದ, ತಿರುಗಿ ತಿರುಗಿ ನಿಂತಿತು. ಬೇರೆಯವೂ ಹಾಗೇ. ಗದಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಮಲ್ಲಣ್ಣ ಮುಖ ಬಿಗಿದುಕೊಂಡು ಮುಂದೆ ಬಂದು, “ದಂಡ ಎಷ್ಟ್ ಕಟ್ಟಬೇಕ್ರಿ? ನಾ ಕೊಡ್ತೀನಿ” ಅಂದ. ಶಾಲೆ ಹೋಯಿತು ಅಂದುಕೊಂಡೆ.

ಚಂದ್ರಹಾಸ ನಕ್ಕುಬಿಟ್ಟ. “ದಂಡ ಎಂಥದ್ದು! ನಾಳೆ ಇನ್ನೊಂದು ಬರೆದು ತರ್ತೇನೆ. ಯಾರು ಬೇಕಾದರೂ ಎಷ್ಟು ಬೇಕಾದರೂ ನಕಲು ಮಾಡಬಹುದು” ಎಂದ. ಮಲ್ಲಣ್ಣ ನಂಬಲಿಲ್ಲ. ಆಗ ನೆನಪಾಯಿತು, ನಿನ್ನೆಯ ಡೆಬಿಯನ್ ಕಂಪ್ಯೂಟರಿನ ಹೊಟ್ಟೆಯಲ್ಲೇ ಇದೆ. ಅದೊಂದು ಕುಂಕುಮದಿಂದ ತಪ್ಪಿಸಿಕೊಂಡಿತ್ತು. ನನಗೆ ಒಲ್ಲದ್ದು, ಬಣ್ಣವಿಲ್ಲದ್ದು, ತಲೆಹರಟೆ. ಬೇರೆ ದಾರಿಯಿರಲಿಲ್ಲ, ಹಾಕು ಅಂದೆ.

ಅದು ಇಂಗ್ಲಿಷಿನಲ್ಲಿ ಕೇಳುತ್ತಾ ಹೋಯಿತು, ಚಂದ್ರಹಾಸ ಕನ್ನಡದಲ್ಲಿ ಜೋರಾಗಿ ಹೇಳುತ್ತಾ ಹೋದ. ನೀವು ಯಾವ ದೇಶದವರು? ಇಂಡಿಯಾ ಎಂದು ಹತ್ತು ಬಾಯಿ ಒಟ್ಟಿಗೆ ಕೂಗಿದವು. ಈ ಕಂಪ್ಯೂಟರಿಗೆ ಏನು ಹೆಸರಿಡಬೇಕು? ಇದಕ್ಕೆ ಕಾಲು ಗಂಟೆ ಚರ್ಚೆಯಾಯಿತು, ದೇವರ ಹೆಸರು ಬೇಡ, ಬೈಯುವಾಗ ತೊಂದರೆ ಎಂದು ಯಾರೋ ಅಂದರು, ಕೊನೆಗೆ ‘ರಸಮಟ್ಟ’ ಎಂದು ನಿಂತಿತು. ಕಂಪ್ಯೂಟರಿನ ಒಳಗಿನ ಜಾಗವನ್ನು ಎಷ್ಟು ಕೋಣೆ ಮಾಡಬೇಕು ಎಂದಾಗ ಮಲ್ಲಣ್ಣನೇ ಪಕ್ಕಕ್ಕೆ ಬಂದು ಕೂತ. ಇದರ ಯಜಮಾನ ಯಾರು, ಗುಟ್ಟಿನ ಮಾತು, ಅಂದರೆ ಪಾಸ್‌ವರ್ಡ್, ಕೊಡಿ ಎಂದು ಕೇಳಿತು. ಹೆಡ್‌ಮಾಸ್ತರ ನರಹರಿಯವರು ಎರಡು ಹೆಜ್ಜೆ ಹಿಂದೆ ಸರಿದರು, ನಿವೃತ್ತಿಗೆ ಎಂಟು ತಿಂಗಳಿದೆ ನೋಡಿ. ಎಲ್ಲರೂ ನನ್ನ ಕಡೆ ತಿರುಗಿದರು. ರೇಷನ್ ಕಾರ್ಡಿನಿಂದ ಹಿಡಿದು ವಿದ್ಯುತ್ ಬಿಲ್ಲಿನವರೆಗೆ ಯಜಮಾನರ ಜಾಗದಲ್ಲಿ ನಿಮ್ಮ ಹೆಸರೇ ಇರುವುದನ್ನು ನೋಡಿ ಬಂದವಳು ನಾನು. ಗುಟ್ಟಿನ ಮಾತನ್ನು ಎರಡು ಸಲ ಬರೆದೆ, ಅದು ಒಪ್ಪಿಕೊಂಡಿತು. ಒಂದೂವರೆ ಗಂಟೆ ಹಿಡಿಯಿತು, ಒಬ್ಬರೂ ಎದ್ದು ಹೋಗಲಿಲ್ಲ. ಈ ಊರಿನಲ್ಲಿ ಅವರಿಗೆ ಹೇಳುವವರೇ ಎಲ್ಲ, ಅವರನ್ನು ಕೇಳಿದವರು ಯಾರಿದ್ದಾರೆ? ಹಿಂದಿನ ದಿನ ನನಗೆ ಕಿರಿಕಿರಿಯೆನಿಸಿದ ಅದೇ ಪ್ರಶ್ನೆಗಳಿಗೆ ಆ ಜನ ಮೈಯೆಲ್ಲ ಕಿವಿಯಾಗಿ ಉತ್ತರ ಕೊಟ್ಟರು.

ಚಂದ್ರಹಾಸ ತನ್ನ ಪೆನ್‌ಡ್ರೈವಿನಿಂದ ಕನ್ನಡದ ಅಕ್ಷರಗಳನ್ನು ಹಾಕಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಫೈಲ್ ಎಂದಿದ್ದ ಕಡೆ ‘ಕಡತ’ ಎಂದು ಬಂತು. ಗುರುದೇವಿ ಬೆರಳಿಟ್ಟು ಓದಿದಳು. ಆಮೇಲೆ ಅವನು ಏನೋ ಒತ್ತಿದ, ಇದನ್ನು ಮಾಡಿದವರ ಹೆಸರುಗಳ ಪಟ್ಟಿ ಮೇಲಕ್ಕೆ ಸರಿಯತೊಡಗಿತು. ಯಾವ ಯಾವ ದೇಶದವರೋ, ಕೊನೆಯಲ್ಲಿ ಕನ್ನಡಕ್ಕೆ ತಂದ ನಾಲ್ಕೈದು ಹೆಸರು. ಕೂಲಿಯಿಲ್ಲದೆ ದುಡಿದವರು, ನಮ್ಮ ಮುಖ ಕಾಣದವರು. ಮಲ್ಲಣ್ಣ ಪರದೆಗೆ ಮುಖ ಹತ್ತಿರ ತಂದ. ಮಾದಾಪುರದ ಅರ್ಧ ಗಾಜಿನ ಕಟ್ಟಡಗಳ ಗೋಡೆ ಎಬ್ಬಿಸಿದವನು ಅವನು. “ನಾವ್ ಕಟ್ಟಿದ ಬಿಲ್ಡಿಂಗಿನಾಗ ನಮ್ ಹೆಸರು ಎಲ್ಲೂ ಇಲ್ರಿ. ಕೆಲಸ ಮುಗದ ಮ್ಯಾಲ ಗೇಟಿನೊಳಗ ಬಿಡಂಗಿಲ್ಲ. ಇದರೊಳಗ ಯಾರ್ ಬೇಕಾದವ್ರು ಹೋಗಬಹುದೇನ್ರಿ? ಬಿಚ್ಚಿ ನೋಡಬಹುದೇನ್ರಿ?” ಎಂದು ಕೇಳಿದ. ನೋಡಬಹುದು, ತಿದ್ದಲೂಬಹುದು, ಆಗ ನಿಮ್ಮ ಮಗಳ ಹೆಸರೂ ಈ ಪಟ್ಟಿಗೆ ಬರಬಹುದು ಎಂದು ಚಂದ್ರಹಾಸ ಅಂದ. ಮಲ್ಲಣ್ಣ ಕರಣೆ ಎತ್ತಿಕೊಂಡು ಹೋದ.

ಸೋಮವಾರ ಹೊಸ ಉಬುಂಟು ಡಿಸ್ಕು ಬಂತು. ನಾನೇ ಬೇಡ ಅಂದೆ. ನಾಲ್ಕಕ್ಕೂ ಡೆಬಿಯನ್ನೇ ಹಾಕಿಸಿದೆ, ಈ ಸಲ ಕಾರಣ ಹೇಳಿ ಹಾಕಿಸಿದೆ: ಇದು ಹಲ್ಲಿಲ್ಲದ ಯಂತ್ರದಲ್ಲೂ ಓಡುತ್ತದೆ, ಏನು ಮಾಡುವುದಿದ್ದರೂ ಮೊದಲು ನಮ್ಮನ್ನು ಕೇಳುತ್ತದೆ. ಇವತ್ತು ಶಾಲೆ ತೆರೆಯಿತು. ಹತ್ತು ಗಂಟೆಯವರೆಗೆ ನನ್ನ ಕಣ್ಣು ಗೇಟಿನ ಮೇಲೇ ಇತ್ತು. ಗುರುದೇವಿ ಬಂದಳು. ಅವಳ ಹಿಂದೆ ಹದಿನಾಲ್ಕು ಮನೆಯ ಮಕ್ಕಳೂ ಬಂದರು, ಇಂಗ್ಲಿಷ್ ಶಾಲೆಯಿಂದ ಬಿಡಿಸಿಕೊಂಡು ಬಂದ ಇಬ್ಬರು ಹೆಚ್ಚಿಗೆ. ನಲವತ್ತು! ಹಾಜರಿಯನ್ನು ಎರಡು ಸಲ ಕರೆದೆ.

ಅಲ್ಲಿ ನೋಡಿಟ್ಟ ಮನೆಯ ಮಾಲೀಕರಿಗೆ ಕೊಟ್ಟ ಮುಂಗಡವನ್ನು ಜಗಳವಾಡದೆ ವಾಪಸು ಕೇಳಿ. ಮಾತ್ರೆ ಮರೆಯಬೇಡಿ. ಹೊಸ ಸ್ವೆಟರು ಪೆಟ್ಟಿಗೆಯ ತಳದಲ್ಲಿದೆ, ಹುಡುಕದೆ ಇಲ್ಲ ಅನ್ನಬೇಡಿ. ದೀಪಾವಳಿಗೆ ನೀವೇ ಬನ್ನಿ, ನಾಲ್ಕೂ ಕಂಪ್ಯೂಟರು ತೋರಿಸುತ್ತೇನೆ.

ನಿಮ್ಮ,
ಸುಮಂಗಲಾ

ತಾ.ಕ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಿಕಂದರಾಬಾದ್ ರೈಲ್ವೆ ಆಫೀಸಿನಲ್ಲಿ ಸುಬ್ಬರಾಯ ಅಂತ ಇದ್ದಾರೆ, ಅಣ್ಣಿಗೇರಿಯವರು, ನಿಮ್ಮದೇ ಹುದ್ದೆ, ನಿಮ್ಮದೇ ಗ್ರೇಡು. ತಾಯಿಗೆ ವಯಸ್ಸಾಗಿದೆ, ಹುಬ್ಬಳ್ಳಿಗೆ ಹೋಗಲು ಹುದ್ದೆ ಅದಲುಬದಲು ಮಾಡಿಕೊಳ್ಳುವ ಜೋಡಿಯನ್ನು ಎರಡು ವರ್ಷದಿಂದ ಹುಡುಕುತ್ತಿದ್ದಾರೆ. ನಿನ್ನೆ ನಾನೇ ಅವರ ಮನೆಗೆ ಹೋಗಿ ಮಾತಾಡಿ ಬಂದೆ. ಪರಸ್ಪರ ವರ್ಗಾವಣೆಯ ಅರ್ಜಿ ಇದರೊಳಗೆ ಇಟ್ಟಿದ್ದೇನೆ, ಅವರ ಸಹಿ ಆಗಿದೆ, ಮಿಕ್ಕಿದ್ದನ್ನೆಲ್ಲ ನಾನು ತುಂಬಿದ್ದೇನೆ. ಹದಿನಾರನೇ ತಾರೀಖಿನೊಳಗೆ ಆಫೀಸಿಗೆ ತಲುಪಬೇಕು. ಹುಬ್ಬಳ್ಳಿಗೆ ಹೋಗುವ ಕಾಗದಕ್ಕೆ ನೀವು ಸಹಿ ಹಾಕಿ ಬಂದಮೇಲೆ ನನಗೆ ಹೇಳಿದ್ದಿರಿ. ನಾನು ಹಾಗೆ ಮಾಡುವುದಿಲ್ಲ, ಮೊದಲು ಕೇಳುತ್ತಿದ್ದೇನೆ: ಬರುತ್ತೀರಾ?